ತಡವಾಗಿ ಬರುವವನಿಗೂ ಒಂದು ತಟ್ಟೆ

1 ಕೊರಿಂಥ 11ನೇ ಅಧ್ಯಾಯ ತೆಗೆಯಿರಿ. 20ರಿಂದ 22, ಆಮೇಲೆ 33ನೇ ವಚನ.

ಈ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಕರ್ತನ ಮೇಜಿನ ದಿನ ಮಾತ್ರ ಓದ್ತೀವಿ. ಆದರೆ ಪೌಲನು ಇದನ್ನು ಯಾಕೆ ಬರೆದ? ಕೊರಿಂಥದವರು ಊಟಕ್ಕೆ ಒಟ್ಟಿಗೆ ಸೇರ್ತಿದ್ರು, ಆದರೆ ಒಟ್ಟಿಗೆ ತಿನ್ನುತ್ತಿರಲಿಲ್ಲ. ಒಬ್ಬನಿಗೆ ಕುಡಿದು ಅಮಲೇರಿತ್ತು, ಇನ್ನೊಬ್ಬ ಹಸಿದು ಕೂತಿದ್ದ. ಏನೂ ಇಲ್ಲದವರಿಗೆ ಅವಮಾನ ಆಗ್ತಿತ್ತು. ಇದನ್ನ ಕರ್ತನ ಭೋಜನ ಅಂತ ಕರೆಯೋಕೇ ಆಗಲ್ಲ ಅಂತಾನೆ ಪೌಲ.

ಈ ತಪ್ಪು ಕೊರಿಂಥದಲ್ಲಿ ಮಾತ್ರ ಅಂದ್ಕೋಬೇಡಿ. ನನ್ನ ಮನೆಯಲ್ಲೇ ಆಯ್ತು. ಶನಿವಾರದ ಯೂತ್ ಫೆಲೋಶಿಪ್‌ಗೆ ತಲೆ ಎಣಿಸಿ 12 ಬಿರಿಯಾನಿ ಬಾಕ್ಸ್ ತರಿಸಿದ್ದೆ. ಎಲ್ಲರೂ ತಿಂದು ಮುಗಿಸಿದ ಮೇಲೆ, ಒಂಬತ್ತೂವರೆಗೆ ಒಬ್ಬ ತಮ್ಮ ಬಂದ. ಬೈಕಲ್ಲಿ ಊಟ ಡೆಲಿವರಿ ಮಾಡೋ ಹುಡುಗ. ದಿನವೆಲ್ಲ ಬೆಂಗಳೂರಿನ ಮನೆಮನೆಗೆ ಊಟ ತಲುಪಿಸಿ ಬಂದವನಿಗೆ ನಮ್ಮಲ್ಲಿ ಉಳಿದಿದ್ದು ಖಾಲಿ ಬಾಕ್ಸ್.

"ಪರವಾಗಿಲ್ಲ ಪಾಸ್ಟರ್, ಊಟ ಮಾಡ್ಕೊಂಡೇ ಬಂದೆ" ಅಂದ. ಎರಡು ಲೋಟ ನೀರು ಕುಡಿದ. ಊಟ ಆಗಿಲ್ಲ ಅಂತ ಅವನ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಅವತ್ತು ನಾನು ಪ್ರಸಂಗ ಮಾಡಿದ್ದು ಐಕ್ಯತೆಯ ಬಗ್ಗೆ! ಮುಂದಿನ ಮೂರು ವಾರ ಅವನು ಬರಲಿಲ್ಲ.

ಅವನ ರೂಮಿಗೆ ಹೋಗಿ ಕ್ಷಮೆ ಕೇಳಿದೆ. ಅಂದಿನಿಂದ ಶನಿವಾರ ಮನೆಯಲ್ಲೇ ಅಡುಗೆ. ಅನ್ನ, ಬೇಳೆ ಸಾರು, ಒಂದು ಪಲ್ಯ, ಅಷ್ಟೇ. ಬಾಕ್ಸ್ 12 ಅಂದ್ರೆ 12. ಸಾರಿನ ಪಾತ್ರೆ ಹಾಗಲ್ಲ. ಇನ್ನಿಬ್ಬರು ಬಂದ್ರೆ ಎರಡು ಸೌಟು ಬಿಸಿನೀರು, ಚಿಟಿಕೆ ಉಪ್ಪು, ಇನ್ನೊಂದು ಕುದಿ.

ಯೋಹಾನ 21 ನೋಡಿ. ರಾತ್ರಿಯೆಲ್ಲ ದಣಿದ ಶಿಷ್ಯರು ದಡಕ್ಕೆ ಬಂದಾಗ, ಸತ್ತವರೊಳಗಿಂದ ಎದ್ದ ನಮ್ಮ ಕರ್ತನು ಕೆಂಡದ ಮೇಲೆ ಮೀನು ಇಟ್ಟಿದ್ದನು, ರೊಟ್ಟಿಯೂ ಇತ್ತು. ಆದರೂ ಅವರು ಹಿಡಿದ ಮೀನಿನಲ್ಲೂ ಸ್ವಲ್ಪ ತರಲು ಹೇಳಿದನು. ಮೂರು ಸಾರಿ ಅಲ್ಲಗಳೆದ ಪೇತ್ರನಿಗೂ ಮೊದಲು ಊಟ, ಆಮೇಲೆ ಪ್ರಶ್ನೆ. ಹಲ್ಲೆಲೂಯಾ!

ಹಾಗಾದರೆ ನೀವೂ ಏನಾದರೂ ತನ್ನಿ. "ಪಾಸ್ಟರ್, ಪಿಜಿಯಲ್ಲಿ ಒಲೆ ಇಲ್ಲ" ಅಂತೀರಾ? ಒಲೆ ಇರೋ ಮನೆಗೆ ಒಂದು ಗಂಟೆ ಮುಂಚೆ ಬನ್ನಿ. ಈರುಳ್ಳಿ ಹೆಚ್ಚಿ, ಅಕ್ಕಿ ತೊಳೆಯಿರಿ, ಕೊನೆಗೆ ಪಾತ್ರೆ ಉಜ್ಜಿ. ಬ್ರದರ್ಸ್, ಅದನ್ನ ಸಿಸ್ಟರ್‌ಗಳಿಗೇ ಬಿಡಬೇಡಿ. ಈ ವಾರ ಒಬ್ಬಂಟಿಯಾಗಿ ಊಟ ಮಾಡೋ ಒಬ್ಬರನ್ನು ಕರೆಯಿರಿ. ಅವರು ಬರೋವರೆಗೂ ಕಾಯಿರಿ. 33ನೇ ವಚನ ಕೇಳೋದು ಇಷ್ಟೇ.

ಆ ತಮ್ಮ ಈಗಲೂ ಒಂಬತ್ತೂವರೆಗೇ ಬರ್ತಾನೆ. ಹಸಿವು ತಡೆಯೋಕಾಗದವರಿಗೆ ಒಂದು ಡಬ್ಬ ಕಡ್ಲೆಪುರಿ ಇಟ್ಟಿರ್ತೀವಿ. ಅವನು ಬಂದು ಕೈ ತೊಳೆದ ಮೇಲೇ ತಟ್ಟೆ ಹಾಕೋದು.

ಪ್ರಾರ್ಥಿಸೋಣ. ಕರ್ತನೇ, ನಾವು ಯಾರಿಗಾಗಿ ಕಾಯದೆ ಹೋದೆವೋ ಅವರ ಮುಖವನ್ನು ಈಗ ನಮ್ಮ ಕಣ್ಮುಂದೆ ತಂದುಕೊಡು. ಆಮೆನ್.