ಹರೆಯದ ವಿದ್ಯಾರ್ಥಿಗಳಲ್ಲಿ ಆತ್ಮಹತ್ಯೆ: ಅಪಾಯದ ಅಂಶಗಳು, ರಕ್ಷಣೆಯ ಅಂಶಗಳು

ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ದಿನ ಅನೇಕ ಮನೆಗಳಲ್ಲಿ ಸಂತೋಷ ತುಂಬಿದರೆ, ಕೆಲವು ಮನೆಗಳಲ್ಲಿ ಮೌನ ಕವಿಯುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ಭಾರತದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮೃತರಾದರು. ಆತ್ಮಹತ್ಯೆಯನ್ನು ತಡೆಯಲು ಸಾಧ್ಯವಿದೆ. ಅದಕ್ಕಾಗಿ ತಂದೆತಾಯಿಗಳಾದ ನೀವು ಕೆಲವು ಸಂಗತಿಗಳನ್ನು ಅರಿತಿರಬೇಕು.

ಕಾರಣ ಒಂದೇ ಅಲ್ಲ

"ಪರೀಕ್ಷೆಯಲ್ಲಿ ನಪಾಸಾದುದೇ ಕಾರಣ" ಎಂದು ಜನರು ಹೇಳುವುದುಂಟು. ಇದು ಪೂರ್ಣ ಸತ್ಯವಲ್ಲ. ನಪಾಸಾದ ಮಕ್ಕಳಲ್ಲಿ ಬಹುಪಾಲು ಮಂದಿ ದುಃಖಪಟ್ಟು, ಮತ್ತೆ ಓದಿ, ಮುಂದೆ ಸಾಗುತ್ತಾರೆ. ಆದರೆ ಮೊದಲೇ ಹಲವು ಭಾರಗಳಿಂದ ಬಳಲಿದ ಮನಸ್ಸಿಗೆ ಸೋಲು ತಾಳಲಾರದ ಹೊರೆಯಾಗಬಹುದು. ಅಂತಹ ಭಾರಗಳು ಇವು:

1. ಗುರುತಿಸದೆ, ಚಿಕಿತ್ಸೆಯಿಲ್ಲದೆ ಉಳಿದ ಖಿನ್ನತೆ ಮೊದಲಾದ ಮನೋವ್ಯಾಧಿಗಳು.
2. ಹಿಂದೊಮ್ಮೆ ಆತ್ಮಹತ್ಯೆಗೆ ಯತ್ನಿಸಿರುವುದು.
3. ಮನೆಯಲ್ಲಿ ನಿತ್ಯ ಜಗಳ, ಹೊಡೆತ, ಕುಡಿತ, ಲೈಂಗಿಕ ದೌರ್ಜನ್ಯ.
4. ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಹೀಯಾಳಿಕೆ, ಜಾತಿನಿಂದನೆ, ರ‍್ಯಾಗಿಂಗ್.
5. ಶಕ್ತಿಮೀರಿದ ನಿರೀಕ್ಷೆ, ನೆರೆಮನೆಯ ಮಕ್ಕಳೊಡನೆ ಹೋಲಿಕೆ.

ಎಚ್ಚರಿಕೆಯ ಸೂಚನೆಗಳು

ಗೆಳೆಯರಿಂದ ದೂರವಾಗುವುದು, ನಿದ್ರೆ ಹಾಗೂ ಆಹಾರದಲ್ಲಿ ಏರುಪೇರು, ಪ್ರಿಯವಾದ ವಸ್ತುಗಳನ್ನು ಇತರರಿಗೆ ಹಂಚಿಬಿಡುವುದು, "ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ" ಎಂಬಂತಹ ಮಾತುಗಳು. ಇವನ್ನು ಹರೆಯದ ಹಟವೆಂದು ತಳ್ಳಿಹಾಕಬಾರದು.

ರಕ್ಷಣೆ ನೀಡುವ ಅಂಶಗಳು

ಬೈಗುಳದ ಭಯವಿಲ್ಲದೆ ಮಗು ಎಲ್ಲವನ್ನೂ ಹೇಳಿಕೊಳ್ಳಬಹುದಾದ ಒಬ್ಬ ಹಿರಿಯರಿರುವುದು ದೊಡ್ಡ ರಕ್ಷಣೆ. ಅವರು ತಾಯಿಯಾಗಿರಬಹುದು, ಸೋದರಮಾವನಾಗಿರಬಹುದು, ಶಾಲೆಯ ಉಪಾಧ್ಯಾಯರಾಗಿರಬಹುದು. ತನ್ನನ್ನು ಆದರದಿಂದ ಕಾಣುವ ಶಾಲೆ, ಒಳ್ಳೆಯ ಸ್ನೇಹಿತರು, ಸಾಕಷ್ಟು ನಿದ್ರೆ, ಆಟ, ಕಷ್ಟ ಬಂದಾಗ ನೆರವು ಕೇಳುವ ಅಭ್ಯಾಸ ಇವೆಲ್ಲವೂ ಮನಸ್ಸಿಗೆ ಆಸರೆಗಳು. ಸೋತವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ ಎಂಬುದನ್ನು ಫಲಿತಾಂಶಕ್ಕೆ ಮೊದಲೇ ಮಕ್ಕಳಿಗೆ ತಿಳಿಸಿರಿ.

ನೀವು ಮಾಡಬೇಕಾದುದು

ಸಂದೇಹ ಬಂದರೆ ಮಗುವನ್ನು ಏಕಾಂತದಲ್ಲಿ ಕೂರಿಸಿಕೊಂಡು, "ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ, ಮೃದುವಾಗಿ ಕೇಳಿರಿ. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ಮನಸ್ಸಿನ ಭಾರ ಇಳಿಯುತ್ತದೆ. ಉತ್ತರ ಬರುವವರೆಗೆ ತಾಳ್ಮೆಯಿಂದಿರಿ, ಉಪದೇಶ ಬೇಡ. "ಹೌದು" ಎಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಕೀಟನಾಶಕ ಮತ್ತು ಔಷಧಿಗಳನ್ನು ಬೀಗ ಹಾಕಿ ಇಡಿರಿ. ಆತ್ಮಹತ್ಯೆಯ ತೀವ್ರ ಪ್ರೇರಣೆ ಅನೇಕ ವೇಳೆ ಅಲ್ಪಕಾಲದ್ದು. ಆ ಹೊತ್ತು ದಾಟಿದರೆ ಜೀವ ಉಳಿಯುತ್ತದೆ.

ತಡಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಿರಿ. 2022ರಲ್ಲಿ ಆರಂಭವಾದ ಟೆಲಿ-ಮನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಪೊಲೀಸರ ಭಯದಿಂದ ವಿಷಯವನ್ನು ಮುಚ್ಚಿಡುವುದು ಬೇಡ. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯ 115ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಶಿಕ್ಷೆಯ ಬದಲು ಆರೈಕೆ ದೊರೆಯಬೇಕೆಂದು ವಿಧಿಸುತ್ತದೆ.

ಅಂಕಪಟ್ಟಿ ಒಂದು ವರ್ಷದ ಓದಿನ ಲೆಕ್ಕ ಮಾತ್ರ. "ಪಾಸಾಗಲಿ, ನಪಾಸಾಗಲಿ, ನೀನು ನಮಗೆ ಬೇಕು" ಎಂಬ ಮಾತನ್ನು ನಿಮ್ಮ ಮಗು ಫಲಿತಾಂಶದ ಮುನ್ನಾದಿನವೇ ನಿಮ್ಮ ಬಾಯಿಂದ ಕೇಳಲಿ.