ಆಯುಷ್ ವೃತ್ತಿ: ಬೋರ್ಡು ಹಾಕುವ ಮುನ್ನ ನೋಂದಣಿ ಆಗಲಿ

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ನಾಟಿ ಔಷಧಿಯ ಮೇಲಿನ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು, ಕೆಲವೇ ತಿಂಗಳ ಕೋರ್ಸಿಗೆ ‘ಡಾಕ್ಟರ್’ ಪ್ರಮಾಣಪತ್ರ ಮಾರುವವರೂ ಇದ್ದಾರೆ. ಅದನ್ನು ನಂಬಿ ಕ್ಲಿನಿಕ್ ತೆರೆದ ಯುವಕನೂ ಕೆಡುತ್ತಾನೆ, ಅವನ ಬಳಿ ಹೋದ ರೋಗಿಯೂ ಕೆಡುತ್ತಾನೆ. ಆದ್ದರಿಂದ ಕಾನೂನಿನ ದಾರಿ ಇಬ್ಬರಿಗೂ ಗೊತ್ತಿರಬೇಕು.

ಯಾವ ಪದವಿಗೆ ಮಾನ್ಯತೆ?

ಆಯುರ್ವೇದಕ್ಕೆ ಬಿಎಎಂಎಸ್, ಯುನಾನಿಗೆ ಬಿಯುಎಂಎಸ್, ಹೋಮಿಯೋಪಥಿಗೆ ಬಿಎಚ್‌ಎಂಎಸ್. ಈ ಮೂರಕ್ಕೂ ನೀಟ್ ಕಡ್ಡಾಯ. ಪ್ರಕೃತಿ ಚಿಕಿತ್ಸೆ ಮತ್ತು ಯೋಗಕ್ಕೆ ಬಿಎನ್‌ವೈಎಸ್ ಇದೆ. ಬಿಎಎಂಎಸ್ ಎಂದರೆ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಶುಲ್ಕ ಕಟ್ಟುವ ಮುನ್ನ ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಆಯುರ್ವೇದ, ಯುನಾನಿ, ಹೋಮಿಯೋಪಥಿ ಕಾಲೇಜಾದರೆ 2020ರ ಕಾಯ್ದೆಗಳಡಿ ರಚನೆಯಾದ ರಾಷ್ಟ್ರೀಯ ಆಯೋಗದ ಅನುಮತಿ ಇದೆಯೇ ಎಂದು ನೋಡಿ. ಎಲೆಕ್ಟ್ರೋಪಥಿಯಂಥ ಮಾನ್ಯತೆಯಿಲ್ಲದ ಪದ್ಧತಿಗಳಲ್ಲಿ ಪದವಿ, ಡಿಪ್ಲೊಮಾ ಕೊಡಕೂಡದೆಂದು ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರ್ 25ರಂದೇ ಆದೇಶಿಸಿದೆ.

ಎರಡು ನೋಂದಣಿ

ಪದವಿ ಕೈಗೆ ಬಂದ ಮಾತ್ರಕ್ಕೆ ಚಿಕಿತ್ಸೆ ನೀಡುವ ಹಕ್ಕು ಬರುವುದಿಲ್ಲ. ಮೊದಲನೆಯದು ವೈದ್ಯರ ನೋಂದಣಿ. ಆಯುರ್ವೇದ, ಯುನಾನಿ, ಪ್ರಕೃತಿ ಚಿಕಿತ್ಸೆಯವರು 1961ರ ರಾಜ್ಯ ಕಾಯ್ದೆಯಡಿ ಬೆಂಗಳೂರಿನ ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯಲ್ಲಿ ಹೆಸರು ದಾಖಲಿಸಬೇಕು. ಹೋಮಿಯೋಪಥಿಗೆ ಬೇರೆ ಮಂಡಳಿ ಇದೆ.

ಎರಡನೆಯದು ಜಾಗದ ನೋಂದಣಿ. ಒಬ್ಬರೇ ಕೂರುವ ಚಿಕ್ಕ ಕ್ಲಿನಿಕ್ ಆದರೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ಅನ್ವಯಿಸುತ್ತದೆ. ಕ್ಲಿನಿಕ್ ಇರುವುದು ತುಮಕೂರು ನಗರದಲ್ಲಾಗಲಿ, ಕುಣಿಗಲ್‌ನಲ್ಲಾಗಲಿ, ಅರ್ಜಿಯನ್ನು ಪರಿಶೀಲಿಸುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ. ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ನೋಂದಣಿ ಪತ್ರ ಮತ್ತು ದರಪಟ್ಟಿ ರೋಗಿಯ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕು. ಸೂಜಿ, ಹತ್ತಿಯಂಥ ತ್ಯಾಜ್ಯದ ವಿಲೇವಾರಿಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆಯುಷ್ ಕ್ಲಿನಿಕ್‌ಗೂ ಅನ್ವಯ.

ದಾಟಬಾರದ ಗೆರೆ

ಓದಿದ ಪದ್ಧತಿಯಲ್ಲೇ ಚಿಕಿತ್ಸೆ ಕೊಡಬೇಕು. ಜ್ವರದ ರೋಗಿಗೆ ಅಲೋಪಥಿ ಔಷಧಿ ಕೊಟ್ಟ ಹೋಮಿಯೋಪಥಿ ವೈದ್ಯರೊಬ್ಬರ ಪ್ರಕರಣದಲ್ಲಿ (ಪೂನಂ ವರ್ಮಾ, 1996) ಸುಪ್ರೀಂ ಕೋರ್ಟ್, ತಿಳಿಯದ ಪದ್ಧತಿಗೆ ಕೈಹಾಕಿದ್ದೇ ನಿರ್ಲಕ್ಷ್ಯ ಎಂದು ಹೇಳಿ, ಮೃತರ ಪತ್ನಿಗೆ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಸರ್ಕಾರದ ಸ್ಪಷ್ಟ ಆದೇಶವಿಲ್ಲದೆ ಅಲೋಪಥಿ ಚೀಟಿ ಬರೆಯಬೇಡಿ.

‘ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುತ್ತೇವೆ’ ಎಂಬ ಜಾಹೀರಾತೂ ಅಪರಾಧ. 1954ರ ಕಾಯ್ದೆಯಡಿ ಮೊದಲ ಸಲ ಆರು ತಿಂಗಳವರೆಗೆ ಜೈಲು, ಮತ್ತೆ ಮಾಡಿದರೆ ಒಂದು ವರ್ಷದವರೆಗೆ. ವೈದ್ಯರು ತಮ್ಮ ರೋಗಿಗಳಿಗಷ್ಟೇ ಆಯುರ್ವೇದ ಔಷಧಿ ತಯಾರಿಸಿಕೊಂಡರೆ ತಯಾರಿಕಾ ಲೈಸೆನ್ಸ್ ಬೇಡ; ಅಂಗಡಿಗೆ ಮಾರಲು ಬೇಕು. ಗಿಡಮೂಲಿಕೆಗೆ ಹೆಸರಾದ ಸಿದ್ಧರಬೆಟ್ಟ, ದೇವರಾಯನದುರ್ಗದ ಕಾಡಿನಿಂದ ಬೇರು, ತೊಗಟೆ ತರಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

ಪಾರಂಪರಿಕ ವೈದ್ಯರಿಗೆ ಭಾರತೀಯ ಗುಣಮಟ್ಟ ಮಂಡಳಿಯ ಸ್ವಯಂಪ್ರೇರಿತ ಪ್ರಮಾಣೀಕರಣ ಯೋಜನೆಯಿದೆ. ಅದು ಅವರ ಅರಿವಿಗೆ ಸಿಗುವ ಮನ್ನಣೆ. ವೈದ್ಯ ನೋಂದಣಿಗಾಗಲಿ ‘ಡಾ.’ ಎಂದು ಬರೆದುಕೊಳ್ಳುವುದಕ್ಕಾಗಲಿ ಅದು ಆಧಾರವಾಗದು.

ರೋಗಿಗೆ ಅನ್ಯಾಯವಾದರೆ

ಚೀಟಿ, ರಸೀದಿ, ಔಷಧಿಯ ಖಾಲಿ ಡಬ್ಬಿ ಎಲ್ಲವನ್ನೂ ಜೋಪಾನ ಮಾಡಿ. ಕೆಪಿಎಂಇ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಹಾರಕ್ಕಾಗಿ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ಉಚಿತ ವಕೀಲರ ನೆರವಿಗೆ ಅರ್ಹರು. ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ, ಗುಬ್ಬಿ, ಕುಣಿಗಲ್ ನ್ಯಾಯಾಲಯಗಳ ತಾಲ್ಲೂಕು ಸಮಿತಿಗಳನ್ನೋ ಕೇಳಿ. ಸಹಾಯವಾಣಿ ಸಂಖ್ಯೆ 15100.

ವೈದ್ಯರಾಗ ಹೊರಟವರು ಈ ಎರಡು ನೋಂದಣಿ ಮುಗಿಸಿಯೇ ಬಾಗಿಲು ತೆರೆಯಿರಿ. ರೋಗಿಗಳು ಒಳಗೆ ಕಾಲಿಡುವ ಮುನ್ನ ನೋಂದಣಿ ಸಂಖ್ಯೆ ಕೇಳಿ. ಕೇಳುವುದು ನಿಮ್ಮ ಹಕ್ಕು.