ಪ್ರೇರಿ ಹೂದೋಟ: ಜೇನಿಗೂ ಚಿಟ್ಟೆಗೂ ಒಗ್ಗುವ ಗಿಡ ಆರಿಸುವುದು ಹೇಗೆ?

ಅಮೆರಿಕದ ಇಲಿನಾಯ್ ರಾಜ್ಯಕ್ಕೆ ‘ಪ್ರೇರಿ ಸ್ಟೇಟ್’ ಎಂಬ ಹೆಸರಿದೆ. ಒಂದು ಕಾಲಕ್ಕೆ ಅಲ್ಲಿ ಸುಮಾರು 2.2 ಕೋಟಿ ಎಕರೆ ಪ್ರೇರಿ, ಅಂದರೆ ಆಳೆತ್ತರದ ಹುಲ್ಲು ಮತ್ತು ಹೂಗಿಡಗಳ ಬಯಲು, ಹಬ್ಬಿತ್ತು. 1837ರಲ್ಲಿ ಅದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಎಂಬ ಊರಿನಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಉಕ್ಕಿನ ನೇಗಿಲು ಮಾಡಿದ. ಜಿಗುಟು ಕಪ್ಪುಮಣ್ಣು ಅದಕ್ಕೆ ಮೆತ್ತಿಕೊಳ್ಳಲಿಲ್ಲ. ನೋಡನೋಡುತ್ತ ಬಯಲೆಲ್ಲ ಉಳುಮೆಗೆ ಬಂತು. ಮೂಲ ಪ್ರೇರಿಯಲ್ಲಿ ಇಂದು ಉಳಿದಿರುವುದು ಸಾವಿರಕ್ಕೆ ಒಂದು ಪಾಲಿಗಿಂತಲೂ ಕಡಿಮೆ.

ಹೂವು ಹೋದಲ್ಲಿ ಹುಳುವೂ ಹೋಯಿತು. ಬೆನ್ನ ಮೇಲೆ ತುಕ್ಕು ಬಣ್ಣದ ಮಚ್ಚೆಯಿರುವ ‘ರಸ್ಟಿ ಪ್ಯಾಚ್ಡ್ ಬಂಬಲ್ ಬೀ’ 2017ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ಅಮೆರಿಕದ ಮುಖ್ಯ ಭೂಭಾಗದಲ್ಲಿ ಈ ಪಟ್ಟಿಗೆ ಸೇರಿದ ಮೊದಲ ಜೇನು ಇದೇ. ಸಮಾಧಾನದ ಸಂಗತಿಯೆಂದರೆ, ಇಂಥ ಹುಳುಗಳಿಗೆ ಮನೆಯಂಗಳದ ಪುಟ್ಟ ಪಾತಿಯೂ ಆಸರೆಯಾಗುತ್ತದೆ. ಷಿಕಾಗೊ, ಮಿನಿಯಾಪೊಲಿಸ್ ಸುತ್ತ ನೆಲೆಸಿರುವ ಕನ್ನಡಿಗರ ಮನೆಗಳಲ್ಲೂ ಹಿತ್ತಲಿನ ಹುಲ್ಲುಹಾಸಿಗೆ ಕೊರತೆಯಿಲ್ಲ. ಅದರಲ್ಲಿ ನೂರು ಚದರ ಅಡಿ ಬಿಟ್ಟುಕೊಟ್ಟರೂ ಸಾಕು. ಆದರೆ ನರ್ಸರಿಗೆ ಹೋಗಿ ಕಣ್ಣಿಗೆ ಚೆಂದ ಕಂಡಿದ್ದನ್ನು ತಂದರೆ ಕೆಲಸ ಕೆಡುತ್ತದೆ. ಜಾಗ, ಕಾಲ, ಕೀಟ ಈ ಮೂರನ್ನೂ ನೋಡಿ ಗಿಡ ಆರಿಸಬೇಕು.

1. ಮೊದಲು ಜಾಗ ನೋಡಿ

ಪ್ರೇರಿ ಗಿಡಗಳಿಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಮಣ್ಣಿನ ಗುಣ ತಿಳಿಯಲು ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿ. ಬೇಗನೆ ಇಂಗಿದರೆ ಅದು ಒಣ ಜಾಗ. ಮರುದಿನವೂ ನಿಂತಿದ್ದರೆ ಜೌಗು.

ಒಣ ಮರಳು ಮಣ್ಣಿಗೆ ಕಿತ್ತಳೆ ಹೂವಿನ ಬಟರ್‌ಫ್ಲೈ ವೀಡ್, ನೀಲಿ ತೆನೆಯ ವೈಲ್ಡ್ ಲುಪಿನ್, ಲಿಟಲ್ ಬ್ಲೂಸ್ಟೆಮ್ ಹುಲ್ಲು ಹೊಂದುತ್ತವೆ. ನೀರು ನಿಲ್ಲುವ ಕಡೆ ಸ್ವಾಂಪ್ ಮಿಲ್ಕ್‌ವೀಡ್, ಜೋ ಪೈ ವೀಡ್, ಬ್ಲೂ ವರ್ವೇನ್ ಹಾಕಬಹುದು. ಗೊಬ್ಬರ ಮಾತ್ರ ಬೇಡ. ಸಾರ ಹೆಚ್ಚಾದರೆ ಗಿಡ ಎತ್ತರಕ್ಕೆ ಬೆಳೆದು ಬಾಗಿ ಬೀಳುತ್ತದೆ, ಕಳೆಯೂ ಕೊಬ್ಬುತ್ತದೆ.

2. ಆ ಜಿಲ್ಲೆಯದೇ ಗಿಡವೇ?

‘ಅಮೆರಿಕದ ನಾಟಿ ಗಿಡ’ ಎಂದರೆ ಸಾಲದು. ಟೆಕ್ಸಸ್‌ನ ಗಿಡಕ್ಕೆ ವಿಸ್ಕಾನ್ಸಿನ್ ಹೊರನಾಡೇ. ಅಮೆರಿಕದ ಕೃಷಿ ಇಲಾಖೆಯ ಸಸ್ಯ ಮಾಹಿತಿಕೋಶದಲ್ಲಿ ಪ್ರತಿ ಗಿಡ ಯಾವ ಯಾವ ಕೌಂಟಿಯಲ್ಲಿ ಬೆಳೆಯುತ್ತದೆ ಎಂಬ ನಕ್ಷೆ ಸಿಗುತ್ತದೆ. ಗಿಡಗಳನ್ನು ಅವುಗಳ ಪೂರ್ಣ ಎತ್ತರದಲ್ಲಿ ನೋಡಬೇಕೆಂದರೆ ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದ ಕರ್ಟಿಸ್ ಪ್ರೇರಿಗೆ ಹೋಗಿಬರಬಹುದು. ಪಾಳುಬಿದ್ದ ಹೊಲದಲ್ಲಿ 1930ರ ದಶಕದಲ್ಲಿ ಮತ್ತೆ ಬೆಳೆಸಿದ ಬಯಲು ಅದು.

3. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೂವಿರಲಿ

ಬಂಬಲ್ ಬೀ ರಾಣಿ ವಸಂತದ ಮೊದಲಲ್ಲೇ ನೆಲದಿಂದ ಎದ್ದು ಬರುತ್ತಾಳೆ. ಶರತ್ಕಾಲದಲ್ಲಿ ಹುಟ್ಟುವ ಹೊಸ ರಾಣಿಯರು ಚಳಿಗಾಲ ಕಳೆಯಲು ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕು. ನಡುವೆ ಕೆಲವು ವಾರ ಹೂವಿಲ್ಲದಿದ್ದರೂ ಗೂಡು ಸೊರಗುತ್ತದೆ. ಆದ್ದರಿಂದ ಒಂದೊಂದು ಋತುವಿಗೂ ಕನಿಷ್ಠ ಮೂರು ಜಾತಿ ಇರಲಿ.

ವಸಂತಕ್ಕೆ ಪ್ರೇರಿ ಸ್ಮೋಕ್, ಲುಪಿನ್, ಗೋಲ್ಡನ್ ಅಲೆಗ್ಸಾಂಡರ್ಸ್. ಬೇಸಿಗೆಗೆ ವೈಲ್ಡ್ ಬರ್ಗಮಾಟ್, ಪರ್ಪಲ್ ಪ್ರೇರಿ ಕ್ಲೋವರ್, ಪೇಲ್ ಪರ್ಪಲ್ ಕೋನ್‌ಫ್ಲವರ್, ಬ್ಲೇಜಿಂಗ್ ಸ್ಟಾರ್. ಶರತ್ತಿಗೆ ನ್ಯೂ ಇಂಗ್ಲೆಂಡ್ ಆಸ್ಟರ್, ಸ್ಟಿಫ್ ಗೋಲ್ಡನ್‌ರಾಡ್, ಶೋವಿ ಗೋಲ್ಡನ್‌ರಾಡ್. ಗೋಲ್ಡನ್‌ರಾಡ್‌ನಿಂದ ಸೀನು, ನೆಗಡಿ ಬರುತ್ತದೆಂದು ಹಲವರು ದೂರವಿಡುತ್ತಾರೆ. ಆದರೆ ಅದರ ಪರಾಗ ಭಾರ ಮತ್ತು ಅಂಟು; ಹುಳುವಿನ ಮೈಗೆ ಅಂಟಿ ಸಾಗುತ್ತದೆಯೇ ಹೊರತು ಗಾಳಿಯಲ್ಲಿ ತೇಲಾಡುವುದಿಲ್ಲ. ಅದೇ ಹೊತ್ತಿಗೆ ಹೂಬಿಡುವ ರ‍್ಯಾಗ್‌ವೀಡ್ ಎಂಬ ಕಳೆಯೇ ಅಲರ್ಜಿಯ ಮೂಲ.

4. ಮರಿಯ ಊಟವನ್ನೂ ಲೆಕ್ಕಕ್ಕೆ ತನ್ನಿ

ಹೂವಿನ ಮಕರಂದ ಬೆಳೆದ ಚಿಟ್ಟೆಗೆ ಆಯಿತು, ಕಂಬಳಿಹುಳುವಿಗೆ ಎಲೆ ಬೇಕಲ್ಲ? ಮೆಕ್ಸಿಕೊದ ಬೆಟ್ಟದ ಕಾಡುಗಳಲ್ಲಿ ಚಳಿಗಾಲ ಕಳೆಯುವ ಮೊನಾರ್ಕ್ ಚಿಟ್ಟೆಯ ಮರಿ ತಿನ್ನುವುದು ಮಿಲ್ಕ್‌ವೀಡ್ ಒಂದನ್ನೇ. ಕರ್ನಾಟಕದಲ್ಲಿ ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುವ ಪ್ಲೇನ್ ಟೈಗರ್ ಚಿಟ್ಟೆ ಮೊನಾರ್ಕ್‌ಗೆ ಹತ್ತಿರದ ನೆಂಟ. ಎಕ್ಕ, ಮಿಲ್ಕ್‌ವೀಡ್ ಎರಡೂ ಒಂದೇ ಸಸ್ಯ ಕುಟುಂಬದವು. ಜೇನುಗಳಲ್ಲೂ ಇಂಥ ಹಟದವರಿದ್ದಾರೆ. ‘ಆಂಡ್ರೀನಾ ಜಿಜಿಯೇ’ ಎಂಬ ಪುಟ್ಟ ಒಂಟಿ ಜೇನು ಗೋಲ್ಡನ್ ಅಲೆಗ್ಸಾಂಡರ್ಸ್‌ನ ಹಳದಿ ಛತ್ರಿ ಹೂಗಳನ್ನೇ ನೆಚ್ಚಿ, ಅದರ ಪರಾಗವನ್ನೇ ಮರಿಗೆ ಕೂಡಿಡುತ್ತದೆ. ಆ ಗಿಡವಿಲ್ಲದ ಕಡೆ ಅದಕ್ಕೆ ಬದುಕು ಕಷ್ಟ.

5. ನರ್ಸರಿಯಲ್ಲಿ ಕೇಳಬೇಕಾದ್ದು

ಗಿಡಕ್ಕೆ ನಿಯೊನಿಕೋಟಿನಾಯ್ಡ್ ಕೀಟನಾಶಕ ಹಾಕಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ಅದು ಗಿಡದೊಳಗೆ ಇಳಿದು ಮಕರಂದ, ಪರಾಗಗಳಿಗೂ ಸೇರುತ್ತದೆ. ಮುದ್ದೆ ಮುದ್ದೆಯಾಗಿ ಸುತ್ತು ಎಸಳು ಬಿಡುವ ಕೋನ್‌ಫ್ಲವರ್ ತಳಿಗಳನ್ನು ಬಿಟ್ಟುಬಿಡಿ. ಆ ಎಸಳುಗಳ ನಡುವೆ ಜೇನಿಗೆ ಸಿಗುವುದು ಅತ್ಯಲ್ಪ. ಟ್ರಾಪಿಕಲ್ ಮಿಲ್ಕ್‌ವೀಡ್ ಸಹ ಬೇಡ. ‘ವೈಲ್ಡ್‌ಫ್ಲವರ್ ಮಿಕ್ಸ್’ ಬೀಜದ ಪೊಟ್ಟಣ ಕೊಳ್ಳುವ ಮುನ್ನ ಅದರ ಹಿಂಬದಿಯಲ್ಲಿ ಅಚ್ಚಾದ ಹೆಸರುಗಳನ್ನು ಒಂದೊಂದಾಗಿ ಓದಬೇಕು. ಯುರೋಪಿನ ಕಾರ್ನ್‌ಫ್ಲವರ್, ಕಾಡಿಗೆ ನುಗ್ಗಿ ಹರಡುವ ಡೇಮ್ಸ್ ರಾಕೆಟ್‌ನಂಥವು ಅದರಲ್ಲಿ ಸೇರಿರುವುದುಂಟು.

6. ನೆಡುವ ಕ್ರಮ

ಹುಲ್ಲುಹಾಸಿನ ಮೇಲೆ ರಟ್ಟು ಹೊದಿಸಿ, ಮೇಲೆ ಮರದ ತೊಗಟೆ ಚೂರು ಹರಡಿ ಒಂದು ಹಂಗಾಮು ಬಿಟ್ಟರೆ ಹಳೆಯ ಹುಲ್ಲು ಸಾಯುತ್ತದೆ. ಒಂದಡಿಗೊಂದರಂತೆ ನೆಟ್ಟರೆ ನೂರು ಚದರ ಅಡಿಗೆ ಸುಮಾರು ನೂರು ಸಸಿ ಹಿಡಿಯುತ್ತವೆ. ಒಂದೇ ಜಾತಿಯ ಮೂರರಿಂದ ಐದು ಸಸಿಗಳನ್ನು ಗುಂಪಾಗಿ ನೆಟ್ಟರೆ ಜೇನು ಅಲೆಯುವುದು ತಪ್ಪುತ್ತದೆ. ನಡುನಡುವೆ ಲಿಟಲ್ ಬ್ಲೂಸ್ಟೆಮ್, ಪ್ರೇರಿ ಡ್ರಾಪ್‌ಸೀಡ್ ಹುಲ್ಲಿದ್ದರೆ ಹೂಗಿಡಗಳಿಗೆ ಆನಿಕೆ, ಕಳೆಗೆ ತಡೆ. ಬೀಜದಿಂದಲೇ ಬೆಳೆಸುವವರು ನವೆಂಬರ್ ಹೊತ್ತಿಗೆ ಬಿತ್ತಬೇಕು. ಬಹುಪಾಲು ಪ್ರೇರಿ ಬೀಜಗಳು ತೇವದ ಚಳಿ ಕಾಣದೆ ಮೊಳೆಯವು. ಮೊದಲ ವರ್ಷ ಗಿಡದ ಶಕ್ತಿಯೆಲ್ಲ ಬೇರಿಗೆ ಹೋಗುವುದರಿಂದ ಹೂವು ಕಡಿಮೆ. ಬೀಜದ ಪಾತಿ ಹೂವಿನಿಂದ ತುಂಬಲು ಮೂರು ವರ್ಷ ಬೇಕು.

7. ಒಣ ಕಡ್ಡಿ ಕೀಳಬೇಡಿ

ಚಳಿಗಾಲದಲ್ಲಿ ಒಣಗಿದ ಗಿಡಗಳು ಹಾಗೇ ನಿಲ್ಲಲಿ. ವಸಂತದಲ್ಲಿ ಒಂದರಿಂದ ಎರಡು ಅಡಿ ಮೋಟು ಬಿಟ್ಟು ಕತ್ತರಿಸಿದರೆ, ಆ ಟೊಳ್ಳು ಕಡ್ಡಿಯೊಳಗೆ ಚಿಕ್ಕ ಜೇನುಗಳು ಮೊಟ್ಟೆಯಿಡುತ್ತವೆ. ನೆಲದಲ್ಲಿ ಬಿಲ ತೋಡುವ ಜೇನುಗಳೇ ಹೆಚ್ಚು. ಅವಕ್ಕಾಗಿ ಅಲ್ಲಲ್ಲಿ ಬರಿಮಣ್ಣು ಬಿಡಬೇಕು.

ನೆರೆಹೊರೆಯವರು ಕಳೆಯೆಂದು ದೂರದಂತೆ ಪಾತಿಯ ಅಂಚು ನೇರವಾಗಿರಲಿ, ಒಂದು ಪುಟ್ಟ ಫಲಕವೂ ಇರಲಿ. ಅಂಗಳದ ಗಿಡಗಳ ಎತ್ತರದ ಬಗ್ಗೆ ನಗರಸಭೆ ಮತ್ತು ಬಡಾವಣೆ ಸಂಘದ ನಿಯಮ ಏನೆಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಮಿನ್ನೆಸೋಟದಲ್ಲಿ 2019ರಲ್ಲಿ ಶುರುವಾದ ‘ಲಾನ್ಸ್ ಟು ಲೆಗ್ಯೂಮ್ಸ್’ ಯೋಜನೆಯಡಿ ಅರ್ಜಿ ಹಾಕಿ ಆಯ್ಕೆಯಾದ ಮನೆಯವರಿಗೆ ಗಿಡದ ಖರ್ಚಿನ ಒಂದು ಭಾಗ ಸರ್ಕಾರದಿಂದ ಮರಳಿ ಸಿಗುತ್ತದೆ. ಅಲ್ಲಿನವರು ಸಸಿ ಕೊಳ್ಳುವ ಮುಂಚೆಯೇ ಅರ್ಜಿಯ ಗಡುವು ನೋಡಿಕೊಳ್ಳಬೇಕು.